ಎರಡನೇ ಚೊಂಬು ನೀರು

ಹಲಸೂರಿನ ಮರ್ಫಿ ಟೌನ್ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಚಿಕ್ಕಮುನಿಯಮ್ಮನ ಮನೆ ಯಾವುದು ಅಂತ ಕೇಳಿದರೆ, "ನೀರು ಹಾಕೋ ಮುನಿಯಮ್ಮ ತಾನೇ?" ಅಂತ ಜನ ತಿರುಗಿ ಕೇಳುತ್ತಿದ್ದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆ ಮಾಡಿದ್ದು ಅದೊಂದೇ ಕೆಲಸ. ಬೆಳಗ್ಗೆ ಎಂಟಕ್ಕೆಲ್ಲ ಮನೆ ಬಿಟ್ಟು ಬಾಣಂತಿಯಿರುವ ಮನೆಗಳಿಗೆ ಹೋಗುವುದು, ಹಸುಗೂಸಿಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಎರೆದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು, ಆಮೇಲೆ ತಾಯಿಗೂ ಎರೆದು ಬರುವುದು. ಕುಕ್ ಟೌನಿನ ಹಳೇ ಬಂಗಲೆಗಳು, ಶಿವಾಜಿನಗರದ ಮಹಡಿ ಮನೆಗಳು, ಈಚೆಗೆ ಮಹದೇವಪುರದ ಹದಿನೆಂಟನೇ ಅಂತಸ್ತಿನ ಫ್ಲಾಟುಗಳು, ಎಲ್ಲ ಕಡೆಯ ಬಚ್ಚಲೂ ಆಕೆಗೆ ಗೊತ್ತಿತ್ತು.

ಕೆಲಸ ಕಲಿಸಿದವಳು ಅತ್ತೆ ಆಂಜನಮ್ಮ. ಹತ್ತೊಂಬತ್ತರ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಆರು ತಿಂಗಳು ಬರೀ ನೋಡಲು ಬಿಟ್ಟಳು. ಆಮೇಲೂ ಮಗುವನ್ನು ಮುಟ್ಟಿಸಲಿಲ್ಲ, ನೀರು ಬೆರೆಸಲು ಮಾತ್ರ ಬಿಟ್ಟಳು. ಚಿಕ್ಕಮುನಿಯಮ್ಮ ಬೆರಳದ್ದಿ, "ಸರಿಯಾಗಿದೆ ಅತ್ತೆ" ಅಂದರೆ, ಆಂಜನಮ್ಮ ಮೊಣಕೈ ಇಳಿಸಿ ನೋಡಿ, "ಇಲ್ಲ, ಹದ ಬಂದಿಲ್ಲ" ಅನ್ನುತ್ತಿದ್ದಳು. ಒಂದು ದಿನ ಸೊಸೆಗೆ ರೇಗಿಹೋಯಿತು.

"ಬಿಸಿ ಅಂದ್ರೆ ಬಿಸಿ, ತಣ್ಣಗೆ ಅಂದ್ರೆ ತಣ್ಣಗೆ. ಈ ಹದ ಅಂದ್ರೆ ಏನತ್ತೆ?"

"ಮುದ್ದೆ ತಿರುವ್ತೀಯಲ್ಲ, ಯಾವಾಗ ಇಳಿಸ್ಬೇಕು ಅಂತ ಯಾರು ಹೇಳ್ತಾರೆ ನಿಂಗೆ?"

"ಯಾರೂ ಹೇಳಲ್ಲ. ಗೊತ್ತಾಗುತ್ತೆ."

"ಅದೇ."

ಅಲ್ಲಿಂದ ಮುಂದೆ ಆ ಮಾತು ಆಕೆಯ ಕಿವಿಗೆ ಎಲ್ಲೆಲ್ಲೂ ಬೀಳತೊಡಗಿತು. ಹಬ್ಬದ ದಿನ ಬೆಲ್ಲದ ಪಾಕ ನೋಡುವಾಗ ಅತ್ತೆ ಹದ ಅನ್ನುತ್ತಿದ್ದಳು. ಎದುರುಮನೆಯ ಚಲುವಯ್ಯ ಬಡಿಯುವ ಹಲಗೆ ಮಾಡಲು ಚರ್ಮ ಹದ ಮಾಡುತ್ತಿದ್ದ. ಊರಿಂದ ಬಂದ ನೆಂಟರು ಈ ಸಲ ಹದವಾದ ಮಳೆ ಬಿತ್ತು ಅನ್ನುತ್ತಿದ್ದರು. ಗಂಡ ಜೋರು ಮಾಡಿದರೆ ಅತ್ತೆ ಒಳಗಿನಿಂದಲೇ, "ಹದವಾಗಿ ಮಾತಾಡೋ" ಅಂತ ಕೂಗುತ್ತಿದ್ದಳು. ಕಬ್ಬಿಣಕ್ಕೆ, ಮಣ್ಣಿಗೆ, ಉಪ್ಪುಖಾರಕ್ಕೆ, ಬಾಯಿಗೆ ಎಲ್ಲಕ್ಕೂ ಅದೇ ಒಂದು ಮಾತು. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಚಿಕ್ಕಮುನಿಯಮ್ಮನ ಕೈಗೆ ಆ ಹದ ಎಷ್ಟು ಕೂತಿತ್ತೆಂದರೆ, ಮೊಣಕೈ ಅದ್ದುವುದನ್ನು ಯಾವಾಗ ಬಿಟ್ಟೆ ಅನ್ನುವುದೇ ಆಕೆಗೆ ನೆನಪಿರಲಿಲ್ಲ. ಎರಡು ಬೆರಳು ಸಾಕಾಗಿತ್ತು.

ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದೆ ಜಹನಾರಾ ಅವರ ಮನೆ. ಬಟ್ಟೆ ವ್ಯಾಪಾರದವರು. ಆ ಮನೆಯ ಇಬ್ಬರು ಹೆಣ್ಣುಮಕ್ಕಳು, ಬುಷ್ರಾ ಮತ್ತು ಸಿದ್ರಾ, ಹುಟ್ಟಿದಾಗ ಎರೆದವಳು ಚಿಕ್ಕಮುನಿಯಮ್ಮನೇ. ಇಪ್ಪತ್ತೈದು ವರ್ಷದ ಬಳಕೆ. ರಂಜಾನಿನಲ್ಲಿ ಅಲ್ಲಿಂದ ಈ ಮನೆಗೆ ಡಬ್ಬಿ ಬರುತ್ತಿತ್ತು, ಯುಗಾದಿಗೆ ಇಲ್ಲಿಂದ ಒಬ್ಬಟ್ಟು ಹೋಗುತ್ತಿತ್ತು. ಜಹನಾರಾ ಮನೆಯಲ್ಲಿ ಮಾತಾಡುವುದು ದಖನಿ. ಆದರೆ ಹದ ಅನ್ನುವ ಮಾತನ್ನು ಮಾತ್ರ ಚಿಕ್ಕಮುನಿಯಮ್ಮನಿಂದ ಎತ್ತಿಕೊಂಡುಬಿಟ್ಟಿದ್ದರು. "ಪಾನಿ ಹದ ಹೈ ನಾ?" ಅಂತ ಅಡುಗೆಮನೆಯಿಂದ ಕೇಳುತ್ತಿದ್ದರು.

ಒಮ್ಮೆ ಜಹನಾರಾ, "ನಮ್ಮಲ್ಲೂ ಹದ್ ಅಂತಾರೆ ಮುನಿಯಮ್ಮ. ಹದ್ ಮೀರಬಾರದು ಅಂತ. ಎರಡೂ ಒಂದೇ ಇರ್ಬೇಕು" ಅಂದರು.

ಚಿಕ್ಕಮುನಿಯಮ್ಮ ಯೋಚಿಸಿ ಹೇಳಿದ್ದಳು: "ಒಂದೇ ಅಲ್ಲ ಭಾಬಿ. ನಿಮ್ಮ ಹದ್ದು ಗೋಡೆ. ಅಲ್ಲಿಗೆ ಹೋಗಿ ಹಣೆ ಬಡಿಸ್ಕೊಂಡ್ರೆ ಗೊತ್ತಾಗುತ್ತೆ. ಹದ ಅದಕ್ಕಿಂತ ತುಂಬಾ ಮುಂಚೆನೇ ಬರುತ್ತೆ."

ಇಬ್ಬರೂ ನಕ್ಕಿದ್ದರು.

ಬುಷ್ರಾ ಹೆರಿಗೆಗೆ ತವರಿಗೆ ಬಂದಾಗ ಚಿಕ್ಕಮುನಿಯಮ್ಮನಿಗೆ ಅರವತ್ತೆರಡು. ಹೆಣ್ಣುಮಗು, ತೂಬಾ ಅಂತ ಹೆಸರಿಟ್ಟರು. ಅದೇ ಆಸುಪಾಸಿನಲ್ಲಿ ಆಕೆಗೆ ಒಂದು ವಿಚಿತ್ರ ನಡೆಯಿತು. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅರ್ಧ ದಾರಿ ನಡೆದ ಮೇಲೆ ಹೂವಿನವಳು ಕೂಗಿದಳು, "ಅಮ್ಮಾ, ಒಂದು ಚಪ್ಪಲಿ ಎಲ್ಲಿ?" ನೋಡಿದರೆ ಎಡಗಾಲು ಬರಿಗಾಲು. ಬಸ್ಸಿನಲ್ಲೇ ಕಳಚಿ ಬಿದ್ದಿತ್ತು, ಗೊತ್ತೇ ಆಗಿರಲಿಲ್ಲ. ಮಗಳು ಧನಲಕ್ಷ್ಮಿಗೆ ಆ ಕಥೆಯನ್ನು ನಗುನಗುತ್ತಾ ಹೇಳಿದ್ದಳು. ಮಹದೇವಪುರದ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಧನಲಕ್ಷ್ಮಿ ನಗಲಿಲ್ಲ. "ಡಾಕ್ಟ್ರಿಗೆ ತೋರಿಸೋಣ ಬಾಮ್ಮ" ಅಂದಳು. "ಈ ಮಗೂದು ನಲವತ್ತು ದಿನ ಮುಗೀಲಿ" ಅಂದಳು ಚಿಕ್ಕಮುನಿಯಮ್ಮ.

ಇಪ್ಪತ್ತಮೂರನೇ ದಿನ. ಡಿಸೆಂಬರ್ ಚಳಿ, ಬೆಳಗ್ಗೆ ಹತ್ತು ಗಂಟೆ. ಬಚ್ಚಲಲ್ಲಿ ಹಬೆ ತುಂಬಿತ್ತು. ಚಿಕ್ಕಮುನಿಯಮ್ಮ ಮಣೆ ಮೇಲೆ ಕೂತು, ಸೀರೆ ಮಂಡಿಯವರೆಗೆ ಎತ್ತಿ, ಎರಡೂ ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡಳು. ಬೆನ್ನಿಗೆ ಕಡಲೆಹಿಟ್ಟು ಸವರಿದಳು. ಪಕ್ಕದ ಬಕೆಟ್ಟಿಗೆ ಎರಡು ಬೆರಳು ಅದ್ದಿದಳು.

"ಹದ ಹೈ ನಾ?" ಜಹನಾರಾ ಟವೆಲ್ ತರಲು ಹೋಗುತ್ತಾ ಕೇಳಿದರು.

"ಹದವಾಗಿದೆ ಭಾಬಿ."

ಮೊದಲ ಚೊಂಬು ಸುರಿದಳು. ಮಗು ಕಿರುಚಿತು.

ಹಸುಗೂಸುಗಳು ಅಳುತ್ತವೆ. ಸಾವಿರ ಮಕ್ಕಳು ಆಕೆಯ ಕಾಲ ಮೇಲೆ ಅತ್ತಿದ್ದವು. ಚಳಿಗೆ ಅಳುವುದು ಒಂದು ಬಗೆ, ಹಸಿವಿಗೆ ಅಳುವುದು ಇನ್ನೊಂದು, ಮೈ ತಿಕ್ಕಿದ್ದಕ್ಕೆ ಸಿಟ್ಟು ಬಂದು ಅಳುವುದು ಮತ್ತೊಂದು. ಎಲ್ಲವೂ ಆಕೆಗೆ ಗೊತ್ತು. ಇದು ಅವ್ಯಾವುದೂ ಆಗಿರಲಿಲ್ಲ. ತೆಳ್ಳಗೆ, ನೇರವಾಗಿ, ಮೇಲಕ್ಕೆ ಹೋಗುವ ಕೂಗು. ಅದು ಬೇರೆ ಅಂತ ಆಕೆಯ ಕಿವಿಗೆ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ತನ್ನ ಪಾಡಿಗೆ, "ಅಳು ಕಂದಾ, ಅಳು, ಎದೆ ಬಿಚ್ಕೊಳ್ಳುತ್ತೆ" ಅಂತ ಹಳೇ ರಾಗ ಹಾಡಿತು. ಕೈ ಬಕೆಟ್ಟಿಗೆ ಹೋಗಿ ಎರಡನೇ ಚೊಂಬು ಎತ್ತಿತು. ಸುರಿಯಿತು.

ಕೂಗು ಅರ್ಧಕ್ಕೇ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಸದ್ದಿಲ್ಲ. ಹಿಟ್ಟು ಜಾರಿಹೋದ ಬೆನ್ನಿನ ಬಣ್ಣ ಆಗ ಕಾಣಿಸಿತು.

ಆಮೇಲೆ ಏನೇನಾಯಿತು ಅನ್ನುವುದು ಆಕೆಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ತಾನೇ ತಣ್ಣೀರಿನ ನಲ್ಲಿ ತಿರುಗಿಸಿ ಮಗುವನ್ನು ಅದರಡಿ ಹಿಡಿದದ್ದು, ಜಹನಾರಾ ಓಡಿಬಂದದ್ದು, ಆಟೋದಲ್ಲಿ ಬುಷ್ರಾಳ ಮಡಿಲಲ್ಲಿ ಬಿಳಿ ಬಟ್ಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೂರು ಗಂಟೆ ನಿಂತೇ ಇದ್ದಳು. ಕೂರಿ ಅಂದರೂ ಕೂರಲಿಲ್ಲ. ಬಾಗಿಲು ತೆರೆದು ಹೊರಗೆ ಬಂದ ನರ್ಸೊಬ್ಬಳು ಆಕೆಯ ಸೀರೆಯಂಚು ನೋಡಿ ಬೆಚ್ಚಿ, "ಅಜ್ಜಿ, ನಿಮ್ಮ ಕಾಲು!" ಅಂದಳು.

ಸೀರೆ ಎತ್ತಿ ನೋಡಿದರೆ ಎರಡೂ ಮೊಣಕಾಲಿನ ಕೆಳಗೆ ಬೊಬ್ಬೆಗಳು ಎದ್ದು, ಕೆಲವು ಒಡೆದು, ಸೀರೆಗೆ ಅಂಟಿಕೊಂಡಿದ್ದವು. ಚಿಕ್ಕಮುನಿಯಮ್ಮ ಬಗ್ಗಿ ನೋಡಿದಳು. ಯಾರದೋ ಕಾಲು ನೋಡಿದ ಹಾಗಿತ್ತು. ಒಂದಿಷ್ಟೂ ಉರಿಯುತ್ತಿರಲಿಲ್ಲ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹತ್ತು ವರ್ಷದಿಂದ ಒಳಗೊಳಗೇ ಇದ್ದ ಸಕ್ಕರೆ ಕಾಯಿಲೆ. "ನರ ಪೂರ್ತಿ ಹದಗೆಟ್ಟಿದೆ ಅಮ್ಮ. ಕಾಲಿಗೂ ಗೊತ್ತಾಗಲ್ಲ, ಬೆರಳಿಗೂ ಗೊತ್ತಾಗಲ್ಲ. ನಿಮ್ಮ ತಪ್ಪಲ್ಲ ಇದು" ಅಂದರು. ಹದಗೆಟ್ಟಿದೆ ಅನ್ನುವ ಮಾತು ಕೇಳಿ ಆಕೆ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು. ಅವರು ಔಷಧಿ ಬರೆಯುತ್ತಿದ್ದರು.

ಮಗು ಬದುಕಿತು. ಹದಿನೆಂಟು ದಿನ ಆಸ್ಪತ್ರೆಯಲ್ಲಿತ್ತು. ಸೊಂಟದಿಂದ ಎಡತೊಡೆಯವರೆಗೆ ಕಲೆ ಉಳಿಯುತ್ತದೆ, ಬೇರೇನೂ ತೊಂದರೆಯಿಲ್ಲ ಅಂದರು. ಬುಷ್ರಾಳ ಗಂಡ ಮೊದಲು ಕೂಗಾಡಿದ. ಕಾಯಿಲೆಯ ವಿಷಯ ತಿಳಿದ ಮೇಲೆ ಅವನೂ ತಣ್ಣಗಾದ. ಜಹನಾರಾ ಹಲಸೂರಿಗೇ ಬಂದು, ಬ್ಯಾಂಡೇಜು ಸುತ್ತಿದ ಕಾಲ ಪಕ್ಕದಲ್ಲಿ ಕೂತು, "ಶುಗರ್ ಮಾಡಿದ್ದು ಮುನಿಯಮ್ಮ, ನೀವಲ್ಲ" ಅಂತ ಅತ್ತರು. ಬಂದವರೆಲ್ಲ ಅದೇ ಅಂದರು. ಎಲ್ಲರೂ ಕ್ಷಮಿಸಿಬಿಟ್ಟರು.

ಆದರೆ ಅವರು ಕ್ಷಮಿಸಿದ್ದು ಮೊದಲನೇ ಚೊಂಬನ್ನು. ಎರಡನೆಯದು ಯಾರಿಗೂ ಗೊತ್ತಿರಲಿಲ್ಲ.

ಮೊದಲನೆಯದನ್ನು ಸುರಿದದ್ದು ಸತ್ತ ಬೆರಳು, ಸರಿ. ಕಿವಿ ಸತ್ತಿರಲಿಲ್ಲವಲ್ಲ. ಕಿವಿ ಹೇಳಿತ್ತು, ಆಕೆ ಕೇಳಲಿಲ್ಲ. ನಲವತ್ತು ವರ್ಷ ಮಾಡಿದ್ದೇನೆ, ನನಗೆ ಗೊತ್ತಿಲ್ಲದ್ದೇ ಅನ್ನುವ ಸೊಕ್ಕು ಎರಡನೇ ಚೊಂಬು ಎತ್ತಿತ್ತು. ಇದನ್ನು ಆಕೆ ಜಹನಾರಾಗೆ ಹೇಳಲು ಬಾಯಿ ತೆರೆದಳು. ಅಳುತ್ತಿದ್ದ ಅವರ ಮುಖ ನೋಡಿ ಮುಚ್ಚಿಕೊಂಡಳು.

ಅಲ್ಲಿಂದ ಶುರುವಾಯಿತು. ದಿನಾ ಬೆಳಗ್ಗೆ ಹತ್ತಕ್ಕೆ, ಪಕ್ಕದ ಮನೆಯ ಬಚ್ಚಲಲ್ಲಿ ನೀರಿನ ಸದ್ದಾದರೆ ಸಾಕು, ಆ ತೆಳ್ಳನೆಯ ಕೂಗು ಬರುತ್ತಿತ್ತು. ಕೂಗನ್ನಾದರೂ ತಡೆದುಕೊಳ್ಳಬಹುದಿತ್ತು. ಅದರ ನಂತರದ ನಿಶ್ಶಬ್ದವನ್ನು ತಡೆಯಲಾಗುತ್ತಿರಲಿಲ್ಲ. ಮಗು ಬಾಯಿ ತೆರೆದು ಸದ್ದಿಲ್ಲದೆ ಇರುತ್ತಿತ್ತು. ಮತ್ತೆ ಅತ್ತರೆ ಸಾಕು ಅಂತ ಆಕೆ ಉಸಿರು ಹಿಡಿದು ಕಾಯುತ್ತಿದ್ದಳು. ಅಳುತ್ತಿರಲಿಲ್ಲ.

ಹದ ಅನ್ನುವ ಆ ಮಾತು ಬೇರೆ ಬೆನ್ನು ಬಿಡಲಿಲ್ಲ. ಟಿವಿ ಹಾಕಿದರೆ ಹದಗೆಟ್ಟ ರಸ್ತೆಗಳ ಸುದ್ದಿ. ಸಂದಿಯ ತುದಿಯಲ್ಲಿ ಮನೆ ಕಟ್ಟುತ್ತಿದ್ದರು, ಮೇಸ್ತ್ರಿ ಸಿಮೆಂಟಿಗೆ ನೀರು ಹಾಕಿಸುತ್ತಾ, "ಹದ ಬಂತು, ನಿಲ್ಸು ನಿಲ್ಸು" ಅಂತ ಕೂಗುತ್ತಿದ್ದ. ಆಕೆ ಕಿಟಕಿ ಮುಚ್ಚುತ್ತಿದ್ದಳು. ಮುದ್ದೆಗೆ ಇಟ್ಟ ನೀರು ಕುದಿಯುವಾಗ ಒಲೆಯ ಮುಂದೆ ನಿಲ್ಲಲಾಗದೆ ಹೊರಗೆ ಬಂದುಬಿಡುತ್ತಿದ್ದಳು. ಅಡುಗೆ ಧನಲಕ್ಷ್ಮಿಯ ಪಾಲಿಗೆ ಬಿತ್ತು. "ಉಪ್ಪು ಹದವಾಗಿದೆಯಾಮ್ಮ?" ಅಂತ ಮಗಳು ಒಂದು ದಿನ ಕೇಳಿದಾಗ ಚಿಕ್ಕಮುನಿಯಮ್ಮ ತಟ್ಟೆ ತಳ್ಳಿ ಎದ್ದಳು. "ಆ ಮಾತು ಈ ಮನೇಲಿ ಆಡ್ಬೇಡ" ಅಂದಳು. ಧನಲಕ್ಷ್ಮಿ ಮರುದಿನದಿಂದ "ಉಪ್ಪು ಸರಿ ಇದೆಯಾ" ಅನ್ನತೊಡಗಿದಳು.

ಒಂದು ಭಾನುವಾರ ಮಧ್ಯಾಹ್ನ ಆಕೆ ಬಚ್ಚಲ ಬಾಗಿಲು ತೆರೆದಾಗ ಒಳಗೆ ಆಂಜನಮ್ಮ ಕೂತಿದ್ದಳು. ಅತ್ತೆ ಸತ್ತು ಹದಿನಾಲ್ಕು ವರ್ಷವಾಗಿತ್ತು. ಅದೇ ಮಣೆ, ಚಾಚಿದ ಕಾಲು, ಮಂಡಿಯವರೆಗೆ ಎತ್ತಿದ ಸೀರೆ. ಕಾಲ ಮೇಲೆ ಮಗುವಿರಲಿಲ್ಲ. ಬಕೆಟ್ಟಿನಲ್ಲಿ ಮೊಣಕೈ ಅದ್ದಿಕೊಂಡು, ನೀರನ್ನೇ ನೋಡುತ್ತಾ, ಯಾರೋ ಹೇಳಲಿ ಅಂತ ಕಾಯುವವಳ ಹಾಗೆ ಇದ್ದಳು. ಚಿಕ್ಕಮುನಿಯಮ್ಮ ಕೂಗಲಿಲ್ಲ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಧನಲಕ್ಷ್ಮಿ ಬಂದು ಒಳಗೆ ಹೋಗಿ ಬಕೆಟ್ ತುಂಬಿಸಿ ಬಟ್ಟೆ ನೆನೆಸಿದಳು, ಏನೂ ಕಾಣದವಳ ಹಾಗೆ. ಅಂದಿನಿಂದ ಚಿಕ್ಕಮುನಿಯಮ್ಮ ಬಚ್ಚಲಿಗೆ ಹೋಗುವ ಮೊದಲು ಬಾಗಿಲು ತಟ್ಟತೊಡಗಿದಳು, ಖಾಲಿಯಿದ್ದರೂ.

ಹೀಗೆ ಒಂದೂವರೆ ವರ್ಷ. ಮಾತ್ರೆ ನುಂಗುತ್ತಿದ್ದಳು, ಸಕ್ಕರೆ ಹಿಡಿತಕ್ಕೆ ಬಂತು, ಕಾಲಿನ ಗಾಯ ಮಾಗಿತು. ಬೆರಳಿಗೆ ಸ್ಪರ್ಶ ಮರಳಲಿಲ್ಲ. ಒಂದು ದಿನ ಧನಲಕ್ಷ್ಮಿ ಕೆಲಸಕ್ಕೆ ಹೊರಟಾಗ ಆಕೆ ಸೀರೆ ಬದಲಿಸಿ ನಿಂತಿದ್ದಳು.

"ಎಲ್ಲಿಗಮ್ಮ?"

"ಶಿವಾಜಿನಗರಕ್ಕೆ. ಬುಷ್ರಾ ಬಂದಿದ್ದಾಳಂತೆ. ಅವಳಿಗೊಂದು ಮಾತು ಹೇಳೋದಿದೆ."

"ನಾನೂ ಬರ್ಲಾ?"

"ಬೇಡ. ಒಬ್ಳೇ ಹೇಳ್ಬೇಕು."

ಬುಷ್ರಾ ಮಹಡಿಯ ಕೋಣೆಯಲ್ಲಿದ್ದಳು. ಮಗು ನೆಲದ ಮೇಲೆ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಹಾಕುತ್ತಾ ಕೂತಿತ್ತು. ಚಿಕ್ಕಮುನಿಯಮ್ಮ ಅದರ ಕಡೆ ನೋಡಲಿಲ್ಲ. ಬುಷ್ರಾ ಎದ್ದು ಚಾಪೆ ಹಾಸಿದಳು, "ಕೂತ್ಕೊಳಿ ಅಮ್ಮಾ, ಚಾ ತರ್ತೀನಿ" ಅಂದಳು.

"ಚಾ ಬೇಡ. ಮೊದ್ಲು ಇದನ್ನ ಕೇಳಿಸ್ಕೋ. ಕೇಳಿದ್ಮೇಲೆ ನೀನು ಹೋಗು ಅಂದ್ರೆ ಹೋಗ್ತೀನಿ." ಆಕೆ ನಿಂತೇ ಹೇಳಿದಳು. "ಅವತ್ತು ನೀರು ಸುಡ್ತಿತ್ತು ಅಂತ ನನ್ ಕೈಗೆ ಗೊತ್ತಾಗ್ಲಿಲ್ಲ, ಅದು ನಿಜ. ಆದ್ರೆ ಒಂದು ಚೊಂಬು ಹಾಕಿದ ತಕ್ಷಣ ಮಗು ಅಳು ಬೇರೆ ಥರ ಬಂತು. ನಂಗೆ ಗೊತ್ತಾಯ್ತು ಬುಷ್ರಾ. ಗೊತ್ತಾಗಿ ಇನ್ನೊಂದು ಹಾಕ್ದೆ. ಎಲ್ರೂ ಶುಗರ್ ಅಂತಾರೆ. ಎರಡನೇದನ್ನ ಹಾಕಿದ್ದು ಶುಗರ್ ಅಲ್ಲ. ನಾನು."

ಕೆಳಗೆ ಬೀದಿಯಲ್ಲಿ ಯಾರೋ ಬಟ್ಟೆಯ ಮೂಟೆ ಇಳಿಸುತ್ತಾ ಕೂಗಾಡುತ್ತಿದ್ದರು. ಮಗು ಲೋಟ ಬೀಳಿಸಿತು, ಮತ್ತೆ ಎತ್ತಿಕೊಂಡಿತು.

"ಎರಡು ಚೊಂಬು ಅಂತ ನಂಗೆ ಗೊತ್ತು" ಅಂದಳು ಬುಷ್ರಾ.

ಚಿಕ್ಕಮುನಿಯಮ್ಮ ಆಗ ಕೂತಳು.

"ಪಕ್ಕದ ರೂಮಲ್ಲೇ ಮಲಗಿದ್ದೆನಲ್ಲ. ನೀರು ಬಿದ್ದ ಸದ್ದು ಕೇಳಿಸ್ತು. ಅವಳು ಕೂಗಿದ್ದೂ ಕೇಳಿಸ್ತು. ಇದು ಬೇರೆ ಥರ ಇದೆ ಅಂತ ನಂಗೂ ಅನ್ನಿಸ್ತು ಅಮ್ಮಾ. ಎದ್ದು ಕೂತೆ. ಆಮೇಲೆ, ನೀವಿದೀರಲ್ಲ, ನಿಮ್ಗಿಂತ ನಂಗೇನು ಗೊತ್ತು ಅಂತ ಹಾಗೇ ಕೂತ್ಬಿಟ್ಟೆ." ಬುಷ್ರಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಎರಡನೇ ಸಲ ನೀರು ಬಿದ್ದಾಗ ನಾನು ಹಾಸಿಗೆ ಮೇಲೇ ಇದ್ದೆ. ಹೆತ್ತೋಳು. ಯಾರಿಗೂ ಹೇಳಿಲ್ಲ. ಅಮ್ಮೀಗೂ ಇಲ್ಲ."

"ಆ ಕೂಗು ನಿಂಗೂ ಕೇಳಿಸುತ್ತಾ ಈಗ?"

"ಕುಕ್ಕರ್ ಕೂಗಿದ್ರೆ ಕೇಳಿಸುತ್ತೆ."

"ಆಮೇಲೆ ನಿಂತೋಗುತ್ತಲ್ಲ, ಅದು?"

"ಅದೂ" ಅಂದಳು ಬುಷ್ರಾ.

ಕ್ಷಮಿಸಿದೆ ಅಂತ ಬುಷ್ರಾ ಹೇಳಲಿಲ್ಲ, ಚಿಕ್ಕಮುನಿಯಮ್ಮ ಕೇಳಲೂ ಇಲ್ಲ. ಹೊರಡುವ ಮುಂಚೆ ಬುಷ್ರಾ ತಾನಾಗಿಯೇ ಮಗುವನ್ನು ಕರೆದು, ಫ್ರಾಕು ಎತ್ತಿ, ಬೆನ್ನು ತಿರುಗಿಸಿ ತೋರಿಸಿದಳು. ಚಿಕ್ಕಮುನಿಯಮ್ಮ ನೋಡಿದಳು. ನೋಡಲೇಬೇಕಿತ್ತು. ಹೊಳೆಯುವ, ಸುಕ್ಕುಸುಕ್ಕಾದ, ತೆಳುಗುಲಾಬಿ ಚರ್ಮ, ಅಂಗೈಗಿಂತ ದೊಡ್ಡದು. ಮಗು ಕಚಗುಳಿಯಾಗಿ ಬಿಡಿಸಿಕೊಂಡು ಲೋಟಗಳ ಹತ್ತಿರ ಓಡಿತು.

ಮರುವರ್ಷ ಸಿದ್ರಾಗೆ ಗಂಡುಮಗುವಾಯಿತು. ಚಿಕ್ಕ ಮಗಳು ಓದಿದವಳು, ಮಗುವಿನ ಸ್ನಾನಕ್ಕೆ ನೀರಿನಲ್ಲಿ ತೇಲುವ ಥರ್ಮಾಮೀಟರ್ ತರಿಸಿದ್ದಳು. ಮೂವತ್ತೇಳು ತೋರಿಸಿದರೆ ಸರಿ, ತಾನೇ ಎರೆಯುತ್ತೇನೆ ಅಂದಿದ್ದಳು. ಆದರೂ ಬುಷ್ರಾ ಹಲಸೂರಿಗೆ ಬಂದಳು.

"ಬನ್ನಿ ಅಮ್ಮಾ. ಮುಟ್ಟೋದು ಬೇಡ. ಬಾಗಿಲ ಹೊರಗೆ ಕೂತು ಕೇಳಿಸ್ಕೊಳಿ. ಅಳು ಬೇರೆ ಥರ ಬಂದ್ರೆ ಹೇಳಿ."

"ಥರ್ಮಾಮೀಟರ್ ಇದೆಯಲ್ಲ."

"ಅದಕ್ಕೆ ಕಿವಿ ಇಲ್ವಲ್ಲ ಅಮ್ಮಾ."

ಚಿಕ್ಕಮುನಿಯಮ್ಮ ಎರಡು ದಿನ ಒಪ್ಪಲಿಲ್ಲ. ಮೂರನೇ ದಿನ ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿದಳು. ಶಿವಾಜಿನಗರದ ಆ ಮನೆಯ ಆ ಬಚ್ಚಲ ಹೊರಗೆ ಮಣೆ ಹಾಕಿಕೊಂಡು ಕೂತು, ಸೆರಗನ್ನು ಕಿವಿಯಿಂದ ಸರಿಸಿಕೊಂಡಳು. ಒಳಗೆ ಜಹನಾರಾ ಮಗುವನ್ನು ಕಾಲ ಮೇಲೆ ಹಾಕಿಕೊಂಡಿದ್ದರು, ಸಿದ್ರಾ ಚೊಂಬು ಹಿಡಿದಿದ್ದಳು. ನೀರು ಬಿತ್ತು. ಮಗು ಅತ್ತಿತು.

"ನಿಲ್ಸು!" ಚಿಕ್ಕಮುನಿಯಮ್ಮ ಕಿರುಚಿದಳು.

ಸಿದ್ರಾ ಚೊಂಬನ್ನು ಗಾಳಿಯಲ್ಲೇ ಹಿಡಿದು ನಿಂತಳು. ಥರ್ಮಾಮೀಟರ್ ಮೂವತ್ತೇಳೇ ತೋರಿಸುತ್ತಿತ್ತು. ಚಿಕ್ಕಮುನಿಯಮ್ಮ ಕಣ್ಣು ಮುಚ್ಚಿ, ಗೋಡೆಗೆ ಕಿವಿಯೊಡ್ಡಿ ಕೇಳಿದಳು. ಒಳಗೆ ಎರಡು ಅಳು ಇದ್ದವು, ಒಂದು ಹಳೆಯದು. ಅದರಿಂದ ಈ ಮಗುವಿನದನ್ನು ಬಿಡಿಸಿಕೊಳ್ಳಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು.

"ಚಳಿ" ಅಂದಳು ಕೊನೆಗೆ. "ಚಳಿಗೆ ಅಳ್ತಿದಾನೆ. ಹಾಕು, ಬೇಗ ಹಾಕು."

ಅವತ್ತು ಏಳು ಸಲ ನಿಲ್ಲಿಸಿದಳು. ಏಳು ಸಲವೂ ಸಿದ್ರಾ ನಿಲ್ಲಿಸಿದಳು, ನಗಲಿಲ್ಲ, ಬೇಸರ ಮಾಡಿಕೊಳ್ಳಲಿಲ್ಲ. ನಲವತ್ತನೇ ದಿನದ ಹೊತ್ತಿಗೆ ಅದು ಒಂದೆರಡು ಸಲಕ್ಕೆ ಇಳಿದಿತ್ತು. ಹಲಸೂರಿನ ಮನೆಯಲ್ಲಿ ಬೆಳಗಿನ ಹತ್ತು ಗಂಟೆಯ ಕೂಗು ಇಳಿದಿರಲಿಲ್ಲ. ಬಚ್ಚಲ ಬಾಗಿಲು ತಟ್ಟುವುದನ್ನು ಆಕೆ ಬಿಟ್ಟಿರಲಿಲ್ಲ. ಆದರೆ ಆ ನಲವತ್ತು ದಿನ ಹತ್ತು ಗಂಟೆಗೆ ಆಕೆ ಮನೆಯಲ್ಲಿರಲಿಲ್ಲ.

ಮುಂದಿನ ವಾರ ಸಿದ್ರಾಳ ಪರಿಚಯದವರು ಫ್ರೇಜರ್ ಟೌನಿನಿಂದ ಫೋನ್ ಮಾಡಿದರು. ಚೊಚ್ಚಲ ಮಗು, ಮನೆಯಲ್ಲಿ ಹಿರಿಯರಿಲ್ಲ, ಬರುತ್ತೀರಾ ಅಂತ ಕೇಳಿದರು. ಧನಲಕ್ಷ್ಮಿ ಫೋನನ್ನು ತಾಯಿಯ ಕಿವಿಗೆ ಹಿಡಿದಳು.

"ಬರ್ತೀನಿ ಕಣಮ್ಮ. ನನ್ ಬೆರಳಿಗೆ ಸ್ಪರ್ಶ ಇಲ್ಲ, ಮಗೂನ ಮುಟ್ಟಲ್ಲ" ಅಂದಳು ಚಿಕ್ಕಮುನಿಯಮ್ಮ. "ಒಂದ್ ಸಲ ಒಂದ್ ಮಗೂ ಬೆನ್ನು ಸುಟ್ಟಿದೀನಿ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಮೊಣಕೈ ಅದ್ದಿ ನೋಡೋದು ಹೇಗೆ ಅಂತ ಕಲಿಸ್ಕೊಡ್ತೀನಿ. ಬಾಗಿಲ ಹತ್ರ ಕೂತಿರ್ತೀನಿ. ನಾನು ನಿಲ್ಸು ಅಂದ್ರೆ ನಿಲ್ಲಿಸ್ಬೇಕು, ಯಾಕೆ ಅಂತ ಕೇಳಬಾರದು. ಒಪ್ಪಿಗೆನಾ?"

ಆ ಕಡೆಯವರು ಮನೆಯವರನ್ನು ಕೇಳಿ ಬಂದು, ಒಪ್ಪಿಗೆ ಅಂದರು.